ಪೋಕರ್ ಮೇಜಿನ ಬಿಲ್ಲೆಗಳು

ಪಣಜಿಯಲ್ಲಿ, ಮಾಂಡೋವಿ ನದಿಯ ಕ್ಯಾಸಿನೊ ಹಡಗೊಂದರಲ್ಲಿ ನಾನು ಪೋಕರ್ ಎಲೆ ಹಂಚುತ್ತೇನೆ. ಕೆಲಸಕ್ಕೆ ಸೇರಿದಾಗ ಗಮನವೆಲ್ಲ ಕೈಚಳಕದ ಮೇಲಿತ್ತು. ಮೇಜಿನ ಮೇಲಿನ ಪ್ಲಾಸ್ಟಿಕ್ ಬಿಲ್ಲೆಗಳನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಎಡವಿದ್ದೆಲ್ಲ ಅಲ್ಲೇ.

1. ಮೊದಲು ಬಟನ್ ಸರಿಸಿ, ಆಮೇಲೆ ಎಲೆ ಮುಟ್ಟಿ.
ಡೀಲರ್ ಬಟನ್ ಎಂಬ ಬಿಳಿಯ ಬಿಲ್ಲೆ ಪ್ರತಿ ಆಟಕ್ಕೂ ಒಂದು ಸೀಟು ಎಡಕ್ಕೆ ಸರಿಯಬೇಕು. ಅದರ ಎಡಗಡೆಯವರದು ಸ್ಮಾಲ್ ಬ್ಲೈಂಡ್, ಅವರಾಚೆಯವರದು ಬಿಗ್ ಬ್ಲೈಂಡ್; ಎಲೆ ನೋಡುವ ಮೊದಲೇ ಕಟ್ಟಬೇಕಾದ ಪಣಗಳಿವು. ಬಟನ್ ಇದ್ದವರು ಫ್ಲಾಪ್ (ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ) ನಂತರದ ಸುತ್ತುಗಳಲ್ಲಿ ಉಳಿದವರ ನಡೆ ನೋಡಿ ಕೊನೆಗೆ ಆಡುತ್ತಾರೆ. ಅದು ಸಣ್ಣ ಅನುಕೂಲವಲ್ಲ. ಒಮ್ಮೆ ದೊಡ್ಡ ಪಾಟ್, ಅಂದರೆ ಕೂಡಿದ ಪಣ, ಗೆದ್ದವರಿಗೆ ಒಪ್ಪಿಸುವ ಗಡಿಬಿಡಿಯಲ್ಲಿ ಸರಿಸುವುದನ್ನೇ ಮರೆತೆ. ಅದೇ ಇಬ್ಬರು ಮತ್ತೆ ಬ್ಲೈಂಡ್ ಕಟ್ಟಿದರು. ಗೊತ್ತಾಗುವಷ್ಟರಲ್ಲಿ ಮೂವರು ಆಡಿಯಾಗಿತ್ತು, ಆಟ ನಿಲ್ಲಿಸುವಂತಿರಲಿಲ್ಲ. ಇಬ್ಬರ ದುಡ್ಡೂ ನನ್ನ ಮರೆವಿಗೆ ಹೋಯಿತು.

2. ಇಬ್ಬರೇ ಉಳಿದರೆ ಲೆಕ್ಕ ಬೇರೆ.
ಆಗ ಬಟನ್ ಇದ್ದವರೇ ಸ್ಮಾಲ್ ಬ್ಲೈಂಡ್. ಫ್ಲಾಪಿಗೆ ಮುಂಚೆ ಮೊದಲು ಆಡುವವರು ಅವರೇ, ಆಮೇಲೆ ಕೊನೆಗೆ ಆಡುವವರೂ ಅವರೇ.

3. ಎದ್ದು ಹೋದವರ ಬಾಕಿ ಮೇಜಿನ ಮೇಲಿರಲಿ.
ಬ್ಲೈಂಡ್ ತಪ್ಪಿಸಿಕೊಂಡು ಹೊರಗೆ ಹೋದವರ ಜಾಗದಲ್ಲಿ ‘ಮಿಸ್ಡ್ ಬ್ಲೈಂಡ್’ ಬಿಲ್ಲೆ ಇಡುತ್ತೇವೆ. ಬ್ಲೈಂಡ್ 100–200 ಆಗಿದ್ದು ಎರಡೂ ತಪ್ಪಿದ್ದರೆ, ವಾಪಸಾದವರು 300 ಕಟ್ಟಬೇಕು: 200 ಅವರ ಪಂದ್ಯವಾಗಿ ನಿಲ್ಲುತ್ತದೆ, 100 ನೇರ ಪಾಟಿಗೆ. ಇಲ್ಲವೇ ಬಿಗ್ ಬ್ಲೈಂಡ್ ತಮ್ಮ ಸೀಟಿಗೆ ಬರುವವರೆಗೆ ಕಾಯಬೇಕು. ಒಮ್ಮೆ ಒಬ್ಬರ ಬಾಕಿಯನ್ನು ನೆನಪಿನಲ್ಲಿಟ್ಟುಕೊಳ್ಳಬಹುದೆಂದುಕೊಂಡು ನಾನು ಬಿಲ್ಲೆ ಇಡಲಿಲ್ಲ. ಅಷ್ಟರಲ್ಲಿ ನನ್ನ ಪಾಳಿ ಮುಗಿದು ಬೇರೆ ಡೀಲರ್ ಕೂತರು. ವಾಪಸಾದವರು ಒಂದು ರೂಪಾಯಿ ಕಟ್ಟದೆ, ಒಳ್ಳೆಯ ಸ್ಥಾನದಿಂದಲೇ ಆಟ ಶುರುಮಾಡಿದರು. ತಪ್ಪದೆ ಬ್ಲೈಂಡ್ ಕಟ್ಟುತ್ತ ಕೂತಿದ್ದವರಿಗೆ ಅದು ಅನ್ಯಾಯ. ಡೀಲರ್ ಬದಲಾದರೂ ಬಿಲ್ಲೆ ಬದಲಾಗುವುದಿಲ್ಲ, ಅದನ್ನು ಇಡುವುದೇ ಅದಕ್ಕಾಗಿ.

4. ಖಾಲಿ ಕುರ್ಚಿಯ ಮುಂದೂ ಬಟನ್ ಕೂರಬಹುದು.
ಟೂರ್ನಮೆಂಟಿನಲ್ಲಿ ಒಬ್ಬರು ಸೋತು ಎದ್ದರೆ ಕೆಲವೊಮ್ಮೆ ಬಟನ್ ಅವರ ಖಾಲಿ ಜಾಗಕ್ಕೇ ಬರುತ್ತದೆ. ವಿಚಿತ್ರವಾಗಿ ಕಂಡರೂ, ಯಾರಿಗೂ ಬಿಗ್ ಬ್ಲೈಂಡ್ ತಪ್ಪದಿರಲು ಇದೇ ದಾರಿ.

5. ಎಲೆಗಳಿಗೆ ಕಾವಲು ಬೇಕು.
ಕೆಲವರು ತಮ್ಮ ಎಲೆಗಳ ಮೇಲೆ ನಾಣ್ಯವನ್ನೋ ಲೋಹದ ಬಿಲ್ಲೆಯನ್ನೋ ಇಟ್ಟುಕೊಳ್ಳುತ್ತಾರೆ. ಅದು ಶೋಕಿಯೆಂದೇ ನಾನು ತಿಳಿದಿದ್ದೆ. ಒಮ್ಮೆ ನನ್ನ ಬಲಕ್ಕೆ, ತೀರ ಹತ್ತಿರ ಕೂತಿದ್ದ ಹೊಸಬರೊಬ್ಬರು ಏನೂ ಇಟ್ಟಿರಲಿಲ್ಲ. ಬಿಟ್ಟುಕೊಟ್ಟ ಎಲೆಗಳನ್ನು ಬಳಿಯುವಾಗ ಅವರವನ್ನೂ ಎಳೆದುಬಿಟ್ಟೆ. ಕಾಯದ ಎಲೆ ಹೋದರೆ ಆಟಗಾರನಿಗೆ ಪರಿಹಾರವಿಲ್ಲ ಎನ್ನುತ್ತದೆ ನಿಯಮ. ಕಟ್ಟಿದ್ದ ಹಣವೂ ಪಾಟಿನಲ್ಲೇ ಉಳಿಯಿತು. ಅವರು ಜಗಳವಾಡಲಿಲ್ಲ. ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ. ಆಟಗಾರರೇ ಮುಂದೆ ತಳ್ಳದ ಹೊರತು ಈಗ ಯಾರ ಎಲೆಗೂ ಕೈಹಾಕುವುದಿಲ್ಲ. ಹೊಸಬರು ಕೂತ ಕೂಡಲೇ ಹೇಳುತ್ತೇನೆ: ಎಲೆಗಳ ಮೇಲೆ ಒಂದು ಚಿಪ್ ಇಟ್ಟುಕೊಳ್ಳಿ.