ಕರೆಂಟ್ ಹೋಗಿ ಬಂದ ಮೇಲೆ ಡೇಟಾಬೇಸ್ ಏಳದಿದ್ದರೆ ಮೊದಲು ಡಿಲೀಟ್ ಬಟನ್‌ನಿಂದ ಕೈ ತೆಗೆಯಿರಿ

ಭತ್ತದ ಸುಗ್ಗಿ ಶುರುವಾದರೆ ನನ್ನ ಫೋನಿಗೆ ಬರುವ ಕರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ಕಳೆದ ಸಲ ಗಿಲ್ಲೆಸುಗೂರಿನ ಒಂದು ಬೀಜ-ಗೊಬ್ಬರದ ಅಂಗಡಿಯಿಂದ ಬಂದ ಕರೆ ಹೀಗಿತ್ತು: "ಸರ, ರಾತ್ರಿ ಕರೆಂಟ್ ಹೋಗಿತ್ರಿ. ಮುಂಜಾನೆ ನೋಡಿದ್ರ ಬಿಲ್ಲಿಂಗ್ ಓಪನ್ ಆಗವಲ್ದು. ಮೊಬೈಲ್‌ನಾಗ ವಿಡಿಯೊ ನೋಡಿ ಐಬಿ ಅಂತ ಶುರು ಆಗೋ ಫೈಲ್ ಎಲ್ಲಾ ಡಿಲೀಟ್ ಮಾಡೀನ್ರಿ. ಈಗ ಮೈಎಸ್‌ಕ್ಯುಎಲ್ ಚಾಲೂ ಆಗ್ಯಾದ, ಆದ್ರ ಉದ್ರಿ ಲೆಕ್ಕ ಒಂದೂ ಕಾಣವಲ್ದು."

ಇದೇ ಮಾತನ್ನು ರಾಯಚೂರು ಗಂಜಿನ ಅಡತಿ ಅಂಗಡಿಯವರು, ಮಾನ್ವಿಯ ಅಕ್ಕಿ ಗಿರಣಿಯ ಗುಮಾಸ್ತರು, ದೇವದುರ್ಗದ ಹತ್ತಿ ಖರೀದಿದಾರರು ಬೇರೆ ಬೇರೆ ವರ್ಷ ನನಗೆ ಹೇಳಿದ್ದಾರೆ. ಎಲ್ಲರ ಕಂಪ್ಯೂಟರಿನ ಕಥೆಯೂ ಒಂದೇ. ಊರಿನ ಯಾರೋ ಹುಡುಗ ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಂ, ಅದರ ಹಿಂದೆ ಮೈಎಸ್‌ಕ್ಯುಎಲ್ ಸರ್ವರನ್ನು ಜೊತೆಗೇ ತರುವ, ಕಿತ್ತಳೆ ಬಣ್ಣದ ಐಕಾನಿನ ಝಾಂಪ್, ಬ್ಯಾಟರಿ ಸತ್ತುಹೋದ ಯುಪಿಎಸ್. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ವಿದ್ಯುತ್ ಉತ್ಪಾದಿಸುತ್ತಿದೆ, ಅದರ ಸಾಮರ್ಥ್ಯ 1,720 ಮೆಗಾವ್ಯಾಟ್. ಆದರೂ ಅದೇ ಜಿಲ್ಲೆಯಲ್ಲಿ ಕೂತು ನಾನು ಕರೆಂಟ್ ಹೋದಾಗಿನ ಚಿಕಿತ್ಸೆ ಬರೆಯಬೇಕಾಗಿದೆ. ಇರಲಿ.

ಹಿನ್ನೆಲೆ ಎರಡೇ ಮಾತಿನಲ್ಲಿ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ಸರ್ವರ್ 1995ರಲ್ಲಿ ಹುಟ್ಟಿತು. 2010ರಲ್ಲಿ ಸನ್ ಕಂಪನಿಯ ಜೊತೆಗೆ ಒರಾಕಲ್ ಪಾಲಾಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಮೈಕೆಲ್ ವಿಡೇನಿಯಸ್ ಬೇರೆಯಾಗಿ ಮರಿಯಾಡಿಬಿ ಶುರು ಮಾಡಿದರು. ಎರಡಕ್ಕೂ ಇಟ್ಟದ್ದು ಅವರ ಹೆಣ್ಣುಮಕ್ಕಳ ಹೆಸರು: ದೊಡ್ಡವಳು ಮೈ, ಚಿಕ್ಕವಳು ಮರಿಯಾ. ನಮಗೆ ಬೇಕಾದ ಸಂಗತಿ ಇಷ್ಟು: 2015ರಿಂದ ಈಚಿನ ಝಾಂಪ್‌ನಲ್ಲಿ ಬಟನ್ ಮೇಲೆ ಮೈಎಸ್‌ಕ್ಯುಎಲ್ ಎಂದು ಬರೆದಿದ್ದರೂ ಒಳಗಿರುವುದು ಮರಿಯಾಡಿಬಿ.

ಇನ್ನೊಂದು ಮಾತು. ಕಮಾಂಡು, ಫೈಲುಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಅಚ್ಚು ಮಾಡಿದೆ. ಯಂತ್ರದಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.

ಮುಟ್ಟುವ ಮೊದಲು ನಕಲು

ಝಾಂಪ್ ಪೂರ್ತಿ ನಿಲ್ಲಿಸಿ. ಸ್ಟಾರ್ಟ್ ಬಟನ್ನನ್ನು ಹತ್ತು ಸಲ ಒತ್ತಿದರೆ ಹನ್ನೊಂದನೆಯ ಸಲ ಏಳುತ್ತದೆ ಎಂದು ನಂಬಿದವರಿದ್ದಾರೆ, ಹಾಗೆ ಮಾಡಬೇಡಿ. ಸಿ ಡ್ರೈವಿನ ಝಾಂಪ್ ಫೋಲ್ಡರಿನೊಳಗೆ ಮೈಎಸ್‌ಕ್ಯುಎಲ್, ಅದರೊಳಗೆ ಡೇಟಾ ಎಂಬ ಫೋಲ್ಡರ್ ಇರುತ್ತದೆ. ಅದನ್ನು ಇಡಿಯಾಗಿ ಪೆನ್‌ಡ್ರೈವಿಗೆ ಕಾಪಿ ಮಾಡಿ, ಹೆಸರಿನ ಜೊತೆ ಆ ದಿನದ ತಾರೀಖು ಬರೆಯಿರಿ. ಮುಂದೆ ಏನೇ ಎಡವಟ್ಟಾದರೂ ಈ ನಕಲಿಗೆ ವಾಪಸ್ ಬರಬಹುದು. ಈ ಕೆಲಸಕ್ಕೆ ಹತ್ತು ನಿಮಿಷ ಬೇಕು. ಹೊರಗೆ ಲೋಡ್ ನಿಂತಿದೆ, ಚೀಟಿ ಹರಿಯಬೇಕು ಎಂದು ಸಾವ್ಕಾರರು ಅವಸರ ಮಾಡಿದರೆ, ಆ ಹೊತ್ತಿಗೆ ಕೈಚೀಟಿ ಬರೆಯಲು ಹೇಳಿ.

ಲಾಗ್ ಓದಿ, ವಿಡಿಯೊ ಆಮೇಲೆ

ಅದೇ ಡೇಟಾ ಫೋಲ್ಡರಿನಲ್ಲಿ ಎರರ್ ಲಾಗ್ ಎಂಬ ಫೈಲ್ ಇದೆ. ನೋಟ್‌ಪ್ಯಾಡಿನಲ್ಲಿ ತೆರೆದು ತೀರಾ ಕೆಳಗೆ ಹೋಗಿ. ಮೇಲಿನದೆಲ್ಲ ಹಳೆಯ ಪುರಾಣ; ಇವತ್ತಿನ ತಾರೀಖಿನ ಕೊನೆಯ ಇಪ್ಪತ್ತು ಸಾಲು ಸಾಕು. ಇಂಗ್ಲಿಷ್ ಬಾರದಿದ್ದರೂ ಅಡ್ಡಿಯಿಲ್ಲ, ಅಲ್ಲಿ ಯಾವ ಹೆಸರು ಕಾಣುತ್ತದೆ ಎಂಬುದೇ ಮುಖ್ಯ.

ಪೋರ್ಟ್ ಮತ್ತು 3306 ಎಂದು ಕಂಡರೆ ನಿಮ್ಮ ಡೇಟಾ ಸುರಕ್ಷಿತವಾಗಿದೆ. ಇನ್ನೊಂದು ಮೈಎಸ್‌ಕ್ಯುಎಲ್ ಆ ಬಾಗಿಲಲ್ಲಿ ಕೂತಿದೆ, ಅಷ್ಟೆ. ವಿಂಡೋಸ್‌ನ ಸರ್ವಿಸಸ್ ಪಟ್ಟಿಗೆ ಹೋಗಿ ಅದನ್ನು ನಿಲ್ಲಿಸಿ. ಡಿಸ್ಕ್ ಫುಲ್ ಎಂದಿದ್ದರೆ ಡೌನ್‌ಲೋಡ್ಸ್ ಫೋಲ್ಡರ್ ಖಾಲಿ ಮಾಡಿ. ಸಿನಿಮಾ ಇರುವುದು ಅಲ್ಲೇ.

ಏರಿಯಾ ರಿಕವರಿ ಫೇಲ್ಡ್ ಎಂದಿದ್ದರೆ, ಪರಿಹಾರವನ್ನೂ ಆ ಸಾಲೇ ಹೇಳುತ್ತದೆ: ಏರಿಯಾ ಟೇಬಲ್‌ಗಳ ಮೇಲೆ ಏರಿಯಾ ಚೆಕ್ ಎಂಬ ರಿಪೇರಿ ಪ್ರೋಗ್ರಾಂ ಓಡಿಸಿ, ಏರಿಯಾ ಲಾಗ್ ಎಂದು ಶುರುವಾಗಿ ಅಂಕಿಗಳಲ್ಲಿ ಮುಗಿಯುವ ಫೈಲುಗಳನ್ನು ತೆಗೆಯಿರಿ. ಏರಿಯಾದಲ್ಲಿರುವುದು ಬಳಕೆದಾರರ ಹೆಸರು, ಪಾಸ್‌ವರ್ಡ್‌ನಂಥ ಸರ್ವರಿನ ಸ್ವಂತ ಟೇಬಲ್‌ಗಳು. ತೆಗೆಯಿರಿ ಎಂದರೂ ನಾನು ಬೇರೆ ಫೋಲ್ಡರಿಗೆ ಸರಿಸುತ್ತೇನೆ, ಅಳಿಸುವುದಿಲ್ಲ.

ಇನ್ನೋಡಿಬಿ, ಕ್ರ್ಯಾಶ್ ರಿಕವರಿ ಎಂದು ಕಂಡರೆ ಸುಮ್ಮನೆ ಕಾಯಿರಿ. ಇನ್ನೋಡಿಬಿ ಎಂದರೆ ನಿಮ್ಮ ಟೇಬಲ್‌ಗಳನ್ನು ನೋಡಿಕೊಳ್ಳುವ ಎಂಜಿನ್; ಅದು ತನ್ನ ಗಾಯವನ್ನು ತಾನೇ ಕಟ್ಟಿಕೊಳ್ಳುತ್ತಿದೆ.

ಐಬಿಡೇಟಾ1: ಇದೊಂದನ್ನು ಎರಡು ಸಲ ಓದಿ

ನಮ್ಮ ಅಂಗಡಿಗಳಲ್ಲಿ ಕಿರ್ದಿ, ಖಾತೆ ಎರಡೂ ಇರುತ್ತವಲ್ಲ, ಇನ್ನೋಡಿಬಿ ನಡೆಯುವುದೂ ಹಾಗೆಯೇ. ಬಂದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಗೀಚುತ್ತದೆ, ಬಿಡುವಾದಾಗ ಖಾತೆಗೆ ಏರಿಸುತ್ತದೆ. ಐಬಿ ಲಾಗ್‌ಫೈಲ್ ಎಂಬ ಹೆಸರಿನವು ಕಿರ್ದಿ. ನಿಮ್ಮ ಒಂದೊಂದು ಟೇಬಲಿಗೂ ಇರುವ, ಐಬಿಡಿ ಎಂದು ಮುಗಿಯುವ ಫೈಲುಗಳು ಖಾತೆ. ಐಬಿಡೇಟಾ1 ಎಂಬುದು ಆ ಖಾತೆಗಳ ಅನುಕ್ರಮಣಿಕೆ: ಯಾವ ಖಾತೆ ಯಾರದು, ಎಷ್ಟನೆಯ ನಂಬರಿನದು, ಅರ್ಧಕ್ಕೆ ನಿಂತ ವ್ಯವಹಾರವನ್ನು ಹಿಂದಕ್ಕೆ ತಿರುಗಿಸುವುದು ಹೇಗೆ ಎಂಬುದೆಲ್ಲ ಅದರಲ್ಲಿ.

ಕರೆಂಟ್ ಹೋದಾಗ ಖಾತೆ ಅರ್ಧ ಬರೆದು ನಿಂತಿರುತ್ತದೆ. ವಾಪಸ್ ಬಂದ ಮೇಲೆ ಸರ್ವರ್ ಕಿರ್ದಿ ಓದಿ ಖಾತೆ ಪೂರ್ತಿ ಮಾಡುತ್ತದೆ. ಆ ಹೊತ್ತಿನಲ್ಲಿ ನೀವು ಕಿರ್ದಿಯನ್ನೂ ಅನುಕ್ರಮಣಿಕೆಯನ್ನೂ ಒಲೆಗೆ ಹಾಕಿದರೆ? ಸರ್ವರ್ ಎದ್ದು ಕೂರುತ್ತದೆ, ನಿಜ. ಎರಡರದೂ ಹೊಸ ಖಾಲಿ ಪುಸ್ತಕ ಮಾಡಿಕೊಂಡು ಹಸಿರು ಬಣ್ಣ ತೋರಿಸುತ್ತದೆ. ಟೇಬಲ್‌ಗಳ ಹೆಸರೂ ಪಟ್ಟಿಯಲ್ಲಿ ಕಾಣುತ್ತವೆ. ಒತ್ತಿದರೆ 1932 ಎಂಬ ಎರರ್: ಈ ಟೇಬಲ್ ಎಂಜಿನ್‌ನಲ್ಲಿ ಇಲ್ಲ. ಮೂಟೆಗಳು ಗೋದಾಮಿನಲ್ಲೇ ಇವೆ, ಯಾವುದು ಯಾರದು ಎಂದು ಹೇಳುವವರಿಲ್ಲ.

ವಿಡಿಯೊಗಳಲ್ಲಿ ಓಡಾಡುವ ಇನ್ನೊಂದು ಉಪಾಯ ಗೊತ್ತಿರಬಹುದು. ಡೇಟಾ ಫೋಲ್ಡರಿಗೆ ಹಳೆಯದು ಎಂದು ಹೆಸರು ಬದಲಿಸಿ, ಝಾಂಪ್ ಜೊತೆಗೇ ಬರುವ ಬ್ಯಾಕಪ್ ಫೋಲ್ಡರಿನ ನಕಲನ್ನು ಡೇಟಾ ಎಂದು ಕರೆದು, ನಿಮ್ಮ ಡೇಟಾಬೇಸಿನ ಫೋಲ್ಡರನ್ನು ಅದರೊಳಗೆ ಹಾಕುವುದು. ಈ ಉಪಾಯ ಕೆಲಸ ಮಾಡುತ್ತದೆ, ಆದರೆ ಹಳೆಯ ಐಬಿಡೇಟಾ1 ಮತ್ತು ಹಳೆಯ ಐಬಿ ಲಾಗ್‌ಫೈಲುಗಳನ್ನೂ ಜೊತೆಗೆ ತಂದರೆ ಮಾತ್ರ. ವಿಡಿಯೊದವರು ಈ ಮಾತನ್ನು ಕೊನೆಯ ಹತ್ತು ಸೆಕೆಂಡಿನಲ್ಲಿ ಹೇಳುತ್ತಾರೆ. ಅಷ್ಟು ಹೊತ್ತಿಗೆ ನಮ್ಮವರು ಫೋನ್ ಕಿಸೆಗೆ ಇಟ್ಟಿರುತ್ತಾರೆ. ಇನ್ನು ಕೆಲವರು ಹೆಸರು ಬದಲಿಸುವ ಬದಲು ಫೋಲ್ಡರನ್ನೇ ಅಳಿಸುತ್ತಾರೆ. ಅವರಿಗೆ ನಾನು ಹೇಳುವುದು ಏನೂ ಉಳಿದಿಲ್ಲ.

ಐಬಿ ಫೈಲುಗಳನ್ನು ಆಗಲೇ ಅಳಿಸಿದ್ದರೆ? ಸರ್ವರ್ ನಿಲ್ಲಿಸಿ. ಝಾಂಪ್ ತೆಗೆದು ಮತ್ತೆ ಹಾಕಬೇಡಿ. ರೀಸೈಕಲ್ ಬಿನ್ ತೆರೆಯಿರಿ. ಗಿಲ್ಲೆಸುಗೂರಿನ ಅಂಗಡಿಯವರ ಪುಣ್ಯ, ಐಬಿಡೇಟಾ1, ಐಬಿ ಲಾಗ್‌ಫೈಲುಗಳು ಎಲ್ಲವೂ ಅಲ್ಲಿದ್ದವು. ಹೊಸದಾಗಿ ಹುಟ್ಟಿದವನ್ನು ಪಕ್ಕಕ್ಕೆ ಸರಿಸಿ ಹಳೆಯವನ್ನು ಒಟ್ಟಿಗೆ ಮೊದಲಿನ ಜಾಗದಲ್ಲಿ ಇಟ್ಟೆವು. ಉದ್ರಿ ಲೆಕ್ಕ ಬಂತು. ಬಿನ್‌ನಲ್ಲೂ ಇಲ್ಲದಿದ್ದರೆ ಐಬಿಡಿ ಫೈಲುಗಳನ್ನು ಜೋಪಾನ ಮಾಡಿ, ಪ್ರೋಗ್ರಾಂ ಬರೆದ ಹುಡುಗನನ್ನು ಹಿಡಿಯಿರಿ. ಟೇಬಲ್‌ಗಳ ರಚನೆ ಅವನ ಬಳಿ ಇದ್ದರೆ ಅದೇ ರಚನೆಯ ಖಾಲಿ ಟೇಬಲ್ ಮಾಡಿ, ಅದರ ಟೇಬಲ್‌ಸ್ಪೇಸ್ ಡಿಸ್ಕಾರ್ಡ್ ಮಾಡಿ, ಹಳೆಯ ಐಬಿಡಿ ಫೈಲ್ ಇಟ್ಟು ಇಂಪೋರ್ಟ್ ಮಾಡಬಹುದು. ಒಂದೊಂದೇ ಟೇಬಲ್, ಇಡೀ ದಿನದ ಕೆಲಸ.

ಫೈಲ್ ನಿಜವಾಗಿಯೂ ಕೆಟ್ಟಿದೆ ಎಂದು ಲಾಗ್ ಹೇಳಿದರೆ, ಸರ್ವರಿನ ಸೆಟ್ಟಿಂಗ್‌ಗಳಿರುವ ಮೈ ಡಾಟ್ ಐಎನ್‌ಐ ಫೈಲಿನಲ್ಲಿ ಇನ್ನೋಡಿಬಿ ಫೋರ್ಸ್ ರಿಕವರಿಯನ್ನು 1 ಮಾಡಿ ಏಳಿಸಿ. ಎದ್ದ ಕೂಡಲೇ ಡಂಪ್, ಅಂದರೆ ಇಡೀ ಡೇಟಾದ ಪಠ್ಯರೂಪದ ನಕಲು, ತೆಗೆದು ಹೊಸ ಸರ್ವರಿಗೆ ಹಾಕಿ. ಏಳದಿದ್ದರೆ 2, ಆಮೇಲೆ 3. ಸಂಖ್ಯೆ 6ರವರೆಗೆ ಇದೆ, ಆದರೆ 4ರಿಂದ ಮೇಲೆ ಡೇಟಾ ಶಾಶ್ವತವಾಗಿ ಕೆಡಬಹುದು. ನಾನು 3ರ ಮೇಲೆ ಹೋಗುವುದಿದ್ದರೆ ನಕಲಿನ ಮೇಲೆ ಮಾತ್ರ. ಫೋರ್ಸ್ ರಿಕವರಿಯ ಸಾಲನ್ನು ಹಾಗೇ ಬಿಟ್ಟು ದಿನನಿತ್ಯದ ಬಿಲ್ಲಿಂಗ್ ನಡೆಸಬೇಡಿ.

ಎದ್ದಿದೆ, ಆದರೆ ಎತ್ತಿನ ಗಾಡಿ

ಮೂರು ವರ್ಷದ ತೂಕದ ಚೀಟಿ ತುಂಬಿದ ಮೇಲೆ ರಿಪೋರ್ಟ್ ಒತ್ತಿ ಚಹಾ ಕುಡಿದು ಬರುವಷ್ಟು ತಡವಾಗುತ್ತದೆ. ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು ಶೋ ಫುಲ್ ಪ್ರೊಸೆಸ್‌ಲಿಸ್ಟ್ ಕೊಟ್ಟು ಯಾವ ಕ್ವೆರಿ ಎಷ್ಟು ಸೆಕೆಂಡಿನಿಂದ ಓಡುತ್ತಿದೆ ನೋಡಿ. ಆ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಎಂದು ಸೇರಿಸಿ ಓಡಿಸಿ. ಟೈಪ್ ಎಂಬ ಕಾಲಮಿನಲ್ಲಿ ಆಲ್ ಎಂದಿದ್ದರೆ ಸರ್ವರ್ ಇಡೀ ಟೇಬಲನ್ನು ಸಾಲುಸಾಲಾಗಿ ಓದುತ್ತಿದೆ. ಅದೇ ಸಾಲಿನ ರೋಸ್ ಕಾಲಮಿನಲ್ಲಿ ಲಕ್ಷಗಳು ಕಂಡರೆ ಕಾರಣ ಸಿಕ್ಕಿತು.

ಇದಕ್ಕೆ ಇಂಡೆಕ್ಸ್, ಅಂದರೆ ಸಾಲು ಬೇಗ ಹುಡುಕುವ ಸೂಚಿ, ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಹಾಕಿದ ಇಂಡೆಕ್ಸ್ ಯಾಕೆ ಕೆಲಸಕ್ಕೆ ಬರುತ್ತಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ನಾನು ಕಂಡ ಕಾರಣ ಮೂರು. ತಾರೀಖಿನ ಕಾಲಮಿಗೆ ಇಯರ್ ಎಂಬ ಫಂಕ್ಷನ್ ಸುತ್ತಿ 2024ಕ್ಕೆ ಸಮ ಎಂದು ಕೇಳಿದರೆ, ಸರ್ವರ್ ಪ್ರತಿ ಸಾಲಿನ ವರ್ಷವನ್ನೂ ಲೆಕ್ಕ ಹಾಕಬೇಕು, ಇಂಡೆಕ್ಸ್ ವ್ಯರ್ಥ. 2024ರ ಜನವರಿ 1ರಿಂದ 2025ರ ಜನವರಿ 1ರ ಒಳಗೆ ಎಂದು ಬರೆಯಿಸಿ. ಎರಡನೆಯದು ಮೊಬೈಲ್ ನಂಬರ್. ಕಾಲಮ್ ಅಕ್ಷರದ್ದು, ಕ್ವೆರಿಯಲ್ಲಿ ನಂಬರನ್ನು ಕೋಟ್ ಚಿಹ್ನೆ ಇಲ್ಲದೆ ಕೊಟ್ಟಿರುತ್ತಾರೆ. ಸರ್ವರ್ ಪ್ರತಿ ಸಾಲನ್ನೂ ಸಂಖ್ಯೆಯಾಗಿ ಬದಲಿಸಿ ಹೋಲಿಸುತ್ತದೆ. ಎರಡು ಕೋಟ್ ಹಾಕಿದರೆ ಕಣ್ಣು ಮಿಟುಕಿಸುವುದರಲ್ಲಿ ಉತ್ತರ. ಮೂರನೆಯದು ಹೆಸರು ಹುಡುಕುವಾಗ ಹಿಂದೆ ಮುಂದೆ ಶೇಕಡಾ ಚಿಹ್ನೆ ಹಾಕುವುದು. ನಮ್ಮ ಕಡೆ ಅರ್ಧ ಹೆಸರುಗಳು ಅಪ್ಪದಲ್ಲಿ ಮುಗಿಯುತ್ತವೆ. ಮುಂದೆ ಶೇಕಡಾ ಹಾಕಿ ಬಸಪ್ಪ ಎಂದು ಹುಡುಕಿದರೆ ಇಡೀ ಹೋಬಳಿ ಎದ್ದು ಬರುತ್ತದೆ, ಇಂಡೆಕ್ಸೂ ಉಪಯೋಗವಾಗುವುದಿಲ್ಲ. ಹೆಸರಿನ ಮೊದಲಿನಿಂದ ಹುಡುಕಿಸಿ.

ಇನ್ನೂ ನಿಧಾನ ಎನಿಸಿದರೆ, ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಬಫರ್ ಪೂಲ್‌ನ ಗಾತ್ರ ನೋಡಿ. ಝಾಂಪ್ ಅದನ್ನು ಬರೀ 16 ಎಂಬಿ ಇಟ್ಟಿರುತ್ತದೆ. 8 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ 1 ಜಿಬಿ ಧಾರಾಳವಾಗಿ ಕೊಡಬಹುದು.

ಎರರ್ 1205 ಬಂದರೆ ಇನ್ನೊಂದು ಕಂಪ್ಯೂಟರಿನಲ್ಲಿ ಯಾರೋ ಸಾಲನ್ನು ಹಿಡಿದು ಕೂತಿದ್ದಾರೆ. 50 ಸೆಕೆಂಡ್ ಕಾದು ಸರ್ವರ್ ಕೈಬಿಟ್ಟಿದೆ. ಎರರ್ 1040 ಎಂದರೆ ಸಂಪರ್ಕಗಳು ಭರ್ತಿ. ಮಿತಿ 151 ಇರುತ್ತದೆ. ಐದು ಕಂಪ್ಯೂಟರಿನ ಗಿರಣಿಗೆ ಅದು ಸಾಲುತ್ತಿಲ್ಲವೆಂದರೆ ಮಿತಿ ಹೆಚ್ಚಿಸಬೇಡಿ, ತೆರೆದ ಸಂಪರ್ಕ ಮುಚ್ಚದ ಪ್ರೋಗ್ರಾಂ ಸರಿಪಡಿಸಿ.

ಉಳಿದದ್ದು ಚುಟುಕಾಗಿ

ಸಂಪಾದಕರು ಕೊಟ್ಟ ಜಾಗ ಮುಗಿಯುತ್ತಾ ಬಂತು. ಬ್ಯಾಕಪ್: ಡೇಟಾ ಫೋಲ್ಡರ್ ಕಾಪಿ ಸಾಲದು, ದಿನಾ ಮೈಎಸ್‌ಕ್ಯುಎಲ್ ಡಂಪ್ ತೆಗೆಯಿರಿ, ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆಯೊಂದಿಗೆ. ವಿಂಡೋಸ್ ಪವರ್‌ಶೆಲ್‌ನಲ್ಲಿ ಬಾಣದ ಗುರುತಿನಿಂದ ಫೈಲಿಗೆ ಕಳಿಸಿದರೆ ಅದು ಯುಟಿಎಫ್-16 ಆಗಿ ಕೂರುತ್ತದೆ, ವಾಪಸ್ ಹಾಕುವಾಗ ಕೈಕೊಡುತ್ತದೆ. ರಿಸಲ್ಟ್ ಫೈಲ್ ಆಯ್ಕೆ ಬಳಸಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ವಾಪಸ್ ಹಾಕಿ ನೋಡಿ.

ಕನ್ನಡ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೇ ಸೇವ್ ಆಗಿದ್ದರೆ ಅವು ಹೋದಂತೆಯೇ, ಮತ್ತೆ ಟೈಪ್ ಮಾಡಬೇಕು. ವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಂಡರೆ ಬಹುಮಟ್ಟಿಗೆ ಉಳಿಸಬಹುದು. ಟೇಬಲ್ ಮತ್ತು ಸಂಪರ್ಕ ಎರಡನ್ನೂ ಯುಟಿಎಫ್8ಎಂಬಿ4 ಮಾಡಿಸಿ; ಒಂದನ್ನೇ ಮಾಡಿದರೆ ಪ್ರಯೋಜನವಿಲ್ಲ.

ಝಾಂಪ್‌ನಲ್ಲಿ ರೂಟ್ ಬಳಕೆದಾರನಿಗೆ ಪಾಸ್‌ವರ್ಡೇ ಇರುವುದಿಲ್ಲ. ಇವತ್ತೇ ಹಾಕಿ. ಹಾಕಿದ ಪಾಸ್‌ವರ್ಡನ್ನು ಬಿಲ್ಲಿಂಗ್ ಪ್ರೋಗ್ರಾಮಿನ ಕಾನ್ಫಿಗ್ ಫೈಲಿನಲ್ಲೂ ಬರೆಯಿರಿ. ಮರೆತರೆ ನಾಳೆ ಮುಂಜಾನೆ ಎರರ್ 1045 ಬರುತ್ತದೆ, ಎಂಟು ಗಂಟೆಗೆ ನನಗೆ ಫೋನ್ ಬರುತ್ತದೆ.