ಯಂತ್ರವೂ ನಟನೂ: ಯಾರು ಯಾರಿಗಾಗಿ ಕಾಯಬೇಕು?



ನಾಟಕವನ್ನು ನಮ್ಮ ಪೂರ್ವಿಕರು ದೃಶ್ಯಕಾವ್ಯವೆಂದು ಕರೆದರು. ಇತರ ಕಾವ್ಯಗಳನ್ನು ಒಬ್ಬನೇ ಕುಳಿತು, ಬೇಕೆನಿಸಿದಾಗ ಓದಬಹುದು. ನಾಟಕಕ್ಕಾದರೋ ನಟನೂ ಪ್ರೇಕ್ಷಕನೂ ಒಂದೇ ಸ್ಥಳದಲ್ಲಿ, ಒಂದೇ ಕಾಲದಲ್ಲಿ ಕೂಡಬೇಕು. ಯಕ್ಷಗಾನದ ಭಾಗವತರನ್ನು ನೀವು ಗಮನಿಸಿರಬಹುದು. ಹಾಡುತ್ತಿರುವಾಗಲೂ ಅವರ ಕಣ್ಣು ವೇಷಧಾರಿಯ ಮೇಲೆಯೇ ಇರುತ್ತದೆ. ಕುಣಿತಕ್ಕೆ ಕಳೆಯೇರಿದರೆ ಪದದ ಸಾಲನ್ನು ಮತ್ತೊಮ್ಮೆ ಎತ್ತಿಕೊಳ್ಳುತ್ತಾರೆ. ವೇಷಧಾರಿ ದಣಿದನೆಂದು ಕಂಡರೆ ಮುಗಿಸುತ್ತಾರೆ. ಹಿಂದಿನ ಕಂಪನಿ ನಾಟಕಗಳಲ್ಲಿ ಪ್ರೇಕ್ಷಕರು ‘ವನ್ಸ್ ಮೋರ್’ ಎಂದು ಕೂಗಿದರೆ ನಟನು ಅದೇ ಹಾಡನ್ನು ಮತ್ತೆ ಹಾಡುತ್ತಿದ್ದನು. ಹಾರ್ಮೋನಿಯಂ ಮಾಸ್ತರರೂ ಮತ್ತೆ ನುಡಿಸುತ್ತಿದ್ದರು. ಹೀಗೆ ಒಬ್ಬರು ಮತ್ತೊಬ್ಬರನ್ನು ನೋಡಿ, ಒಬ್ಬರು ಮತ್ತೊಬ್ಬರಿಗಾಗಿ ಕಾಯುವುದೇ ರಂಗಭೂಮಿಯ ಜೀವಾಳ. ಇಂದು ಅದೇ ರಂಗಭೂಮಿಗೆ ಗಣಕಯಂತ್ರವು ಬಂದು ನಿಂತಿದೆ. ಅದು ಕಾಯಬಲ್ಲುದೇ? ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾಲ್ಕು ನಿದರ್ಶನಗಳನ್ನು ಪರಿಶೀಲಿಸೋಣ.

ಮೊದಲನೆಯದು ದೀಪಗಳ ವಿಷಯ. ಡಿಜಿಟಲ್ ಎಂದರೆ ಅಂಕಿಗಳ ಮೂಲಕ ನಡೆಯತಕ್ಕದ್ದು ಎಂದರ್ಥ. ರಂಗದ ದೀಪಗಳಿಗೆ ಅಂಕಿಗಳಲ್ಲಿ ಅಪ್ಪಣೆ ಕೊಡುವ ಒಂದು ಸಾಮಾನ್ಯ ಕ್ರಮವನ್ನು 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು ರೂಪಿಸಿತು. ಇದಕ್ಕೆ ಡಿ.ಎಂ.ಎಕ್ಸ್. 512 ಎಂದು ಹೆಸರು. ಒಂದೇ ಕೇಬಲ್ಲಿನಲ್ಲಿ 512 ಅಪ್ಪಣೆಗಳು ಸಾಗುತ್ತವೆ; ಪ್ರತಿಯೊಂದು ಅಪ್ಪಣೆಯೂ ಸೊನ್ನೆಯಿಂದ 255ರವರೆಗಿನ ಒಂದು ಸಂಖ್ಯೆ. ಸೊನ್ನೆಯೆಂದರೆ ಕತ್ತಲೆ, 255 ಎಂದರೆ ಪೂರ್ಣ ಬೆಳಕು. 255 ಏಕೆಂದು ಕೇಳುವಿರಾ? ಎಂಟು ಸ್ಥಾನಗಳಲ್ಲಿ 0 ಅಥವಾ 1ನ್ನು ಇರಿಸುತ್ತ ಹೋದರೆ ಎಷ್ಟು ಸಂಖ್ಯೆಗಳಾಗುತ್ತವೆಂದು ಲೆಕ್ಕ ಹಾಕಿರಿ: ಸೊನ್ನೆಯೂ ಸೇರಿ 256. ಸೂರ್ಯೋದಯದ ದೃಶ್ಯಕ್ಕೆ ಯಾವ ದೀಪ ಎಷ್ಟು ಬೆಳಗಬೇಕು, ಎಷ್ಟು ನಿಧಾನವಾಗಿ ಏರಬೇಕು ಎಂಬುದನ್ನೆಲ್ಲ ಯಂತ್ರವು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಆದರೆ ಸೂರ್ಯನು ಯಾವಾಗ ಹುಟ್ಟಬೇಕು? ನಾಟಕವನ್ನು ನೋಡುತ್ತ ಕುಳಿತ ರಂಗವ್ಯವಸ್ಥಾಪಕನು ಸೂಚನೆ ಕೊಡುತ್ತಾನೆ, ದೀಪದವನು ಗುಂಡಿಯೊತ್ತುತ್ತಾನೆ. ನಟನು ಮಾತಿನ ನಡುವೆ ಎರಡು ಕ್ಷಣ ಹೆಚ್ಚು ಮೌನವಾಗಿ ನಿಂತರೆ ಸೂರ್ಯನೂ ಎರಡು ಕ್ಷಣ ತಡೆಯುತ್ತಾನೆ. ಇಲ್ಲಿ ನೆನಪು ಯಂತ್ರದ್ದು, ಸಮಯಪ್ರಜ್ಞೆ ಮನುಷ್ಯನದು.

ಎರಡನೆಯ ನಿದರ್ಶನವು ನಮ್ಮ ಕನ್ನಡದ್ದೇ ಆಗಿದೆ. ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ ನಾಟಕವು 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಪ್ರದರ್ಶಿತವಾಯಿತು. ಮಂಜುಳಾ ನಾಯಕ್ ಎಂಬ ಕನ್ನಡ ಲೇಖಕಿ ಇಂಗ್ಲಿಷ್ ಕಾದಂಬರಿಯೊಂದರಿಂದ ಪ್ರಸಿದ್ಧಿಗೆ ಬಂದಿದ್ದಾಳೆ. ದೂರದರ್ಶನದ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಅವಳು ಹೊರಡುವಷ್ಟರಲ್ಲಿ ಪರದೆಯ ಮೇಲಿನ ಅವಳದೇ ಬಿಂಬವು ಅವಳನ್ನು ತಡೆದು ಮಾತನಾಡಿಸುತ್ತದೆ. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ, ಅವಳು ಮುಚ್ಚಿಟ್ಟ ಸತ್ಯವನ್ನು ಹೊರಗೆಳೆಯುತ್ತದೆ. ಕನ್ನಡದಲ್ಲಿ ಈ ಪಾತ್ರವನ್ನು ಅರುಂಧತಿ ನಾಗ್ ಅವರು ಅಭಿನಯಿಸಿದರು. ಬಿಂಬದ ಮಾತುಗಳೆಲ್ಲ ಮೊದಲೇ ಚಿತ್ರೀಕರಿಸಿದಂಥವು. ಆದ್ದರಿಂದ ಬಿಂಬವು ಬಿಟ್ಟುಕೊಟ್ಟ ಅವಕಾಶದಲ್ಲಿಯೇ ನಟಿ ತನ್ನ ಉತ್ತರವನ್ನು ಹೇಳಿ ಮುಗಿಸಬೇಕು. ಪ್ರೇಕ್ಷಕರು ನಕ್ಕರೆ, ಎದುರಿಗಿರುವ ಜೀವಂತ ನಟನು ನಗು ಅಡಗುವವರೆಗೆ ತಾಳುತ್ತಾನೆ, ಬಿಂಬವು ತಾಳದು. ಇಲ್ಲಿ ಕಾಯುವ ಹೊಣೆಯೆಲ್ಲ ನಟಿಯ ಮೇಲೆಯೇ ಬಿದ್ದಿದೆ. ಆದರೆ ಈ ನಿರ್ದಾಕ್ಷಿಣ್ಯವು ನಾಟಕದ ಅರ್ಥಕ್ಕೆ ಒದಗಿಬಂದಿದೆ. ಮನಸ್ಸಾಕ್ಷಿಯು ಪ್ರಶ್ನಿಸತೊಡಗಿದಾಗ ಅದೂ ನಮಗೆ ಬಿಡುವು ಕೊಡುವುದಿಲ್ಲವಷ್ಟೆ!

ಮೂರನೆಯದು ಇದಕ್ಕೆ ತದ್ವಿರುದ್ಧವಾದುದು. ಷೇಕ್ಸ್‌ಪಿಯರ್ ಮಹಾಕವಿ ತೀರಿಕೊಂಡು 400 ವರ್ಷಗಳಾದ 2016ರಲ್ಲಿ, ಅವನ ಹುಟ್ಟೂರಾದ ಇಂಗ್ಲೆಂಡಿನ ಸ್ಟ್ರಾಟ್‌ಫರ್ಡಿನಲ್ಲಿ, ರಾಯಲ್ ಷೇಕ್ಸ್‌ಪಿಯರ್ ಕಂಪನಿಯವರು ‘ದಿ ಟೆಂಪೆಸ್ಟ್’ ನಾಟಕವನ್ನು ಆಡಿದರು. ಅದರಲ್ಲಿ ಪ್ರಾಸ್ಪೆರೋ ಎಂಬ ಮಾಂತ್ರಿಕನಿಗೆ ಏರಿಯಲ್ ಎಂಬ ಗಾಳಿಯ ಚೇತನವು ಸೇವಕ. ಆ ಪಾತ್ರವನ್ನು ವಹಿಸಿದ ಮಾರ್ಕ್ ಕ್ವಾರ್ಟ್ಲಿಯವರ ಉಡುಪಿನಲ್ಲಿ ಚಲನೆಯನ್ನು ಗ್ರಹಿಸುವ ಪುಟ್ಟ ಉಪಕರಣಗಳಿದ್ದವು. ಅವರು ಕೈಯೆತ್ತಿದರೆ ಆ ಚಲನೆಯು ಅಂಕಿಗಳಾಗಿ ಗಣಕಯಂತ್ರವನ್ನು ಸೇರುತ್ತಿತ್ತು. ಒಡನೆಯೇ ರಂಗದ ಮೇಲೆ ಬೆಳಕಿನಲ್ಲಿ ಮೂಡಿದ ಏರಿಯಲ್ಲನೂ ಕೈಯೆತ್ತುತ್ತಿದ್ದನು. ನಟನು ನೇಪಥ್ಯದಲ್ಲಿ ಅಡಗಿರಲಿಲ್ಲ. ಪ್ರೇಕ್ಷಕರ ಕಣ್ಣೆದುರಿಗೇ ಇದ್ದನು. ಅವನು ತಡೆದರೆ ಬಿಂಬವೂ ತಡೆಯುತ್ತಿತ್ತು. ಅವನು ಓಡಿದರೆ ಬಿಂಬವೂ ಓಡುತ್ತಿತ್ತು. ಯಂತ್ರವೇ ಮನುಷ್ಯನನ್ನು ಅನುಸರಿಸಿದ ನಿದರ್ಶನವಿದು. ಇಂಥದನ್ನು ಸಾಧಿಸುವುದು ಸುಲಭವಲ್ಲ. ಇಂಟೆಲ್ ಮತ್ತು ಇಮ್ಯಾಜಿನೇರಿಯಂ ಸ್ಟುಡಿಯೋಸ್ ಎಂಬ ಎರಡು ಸಂಸ್ಥೆಗಳು ನಾಟಕಮಂಡಳಿಯೊಡನೆ ಕೂಡಿ ಇದಕ್ಕಾಗಿ ದುಡಿಯಬೇಕಾಯಿತು.

ನಾಲ್ಕನೆಯದು ನಾಟಕವಲ್ಲ, ಗಾನಗೋಷ್ಠಿ. ಸ್ವೀಡನ್ ದೇಶದ ಆಬಾ ಗಾಯಕರು ನಾಲ್ವರು, 70ರ ಆಸುಪಾಸಿನ ವಯಸ್ಸಿನಲ್ಲಿ, ಐದು ವಾರಗಳ ಕಾಲ 160 ಕ್ಯಾಮೆರಾಗಳ ನಡುವೆ ಹಾಡಿ ಕುಣಿದರು. ಅದರ ಆಧಾರದಿಂದ ರಚಿಸಿದ ಅವರ ತಾರುಣ್ಯದ ಬಿಂಬಗಳು 2022ರ ಮೇ ತಿಂಗಳಿನಿಂದ ಲಂಡನ್ನಿನ ರಂಗಮಂದಿರವೊಂದರಲ್ಲಿ ಕಾಣಿಸಿಕೊಂಡವು. ಅವುಗಳೊಡನೆ ಹತ್ತು ಮಂದಿ ವಾದ್ಯಗಾರರು ಮಾತ್ರ ಸಾಕ್ಷಾತ್ತಾಗಿ ನುಡಿಸಿದರು. ಜನರು ಹಿಗ್ಗಿನಿಂದ ಕುಣಿದರು, ನಿಜ. ಆದರೆ ಅಲ್ಲಿ ಯಾರಾದರೂ ‘ವನ್ಸ್ ಮೋರ್’ ಎಂದು ಕೂಗಿದರೆ ಆ ಕೂಗು ವಾದ್ಯಗಾರರ ಕಿವಿಗೆ ಮುಟ್ಟೀತೇ ಹೊರತು ಗಾಯಕರ ಕಿವಿಗೆ ಮುಟ್ಟಲಾರದು.

ಇಷ್ಟನ್ನೂ ಹೇಳಿದ್ದು ಯಂತ್ರವನ್ನು ದೂರುವುದಕ್ಕಲ್ಲ. ನಮ್ಮ ಶಾಲೆಯ ಸ್ನೇಹಸಮ್ಮೇಳನದಲ್ಲಿಯೂ ಈಗ ಹಾಡುಗಳು ಮೊಬೈಲಿನಿಂದ ಬರುತ್ತವೆ. ಎರಡನೆಯ ಇಯತ್ತೆಯ ಪುಟ್ಟ ಹುಡುಗಿಯೊಬ್ಬಳು ಹೆಜ್ಜೆ ಮರೆತು ನಿಂತಳೆನ್ನಿ. ಹಾಡು ಅವಳನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ, ಮಗು ಕಣ್ತುಂಬಿಕೊಂಡು ಅಲ್ಲಿಯೇ ಉಳಿಯುತ್ತದೆ. ಇದಕ್ಕೆ ಉಪಾಯವಿಲ್ಲದಿಲ್ಲ. ಹಾಡನ್ನು ಚರಣಕ್ಕೊಂದು ತುಂಡಿನಂತೆ ಬಿಡಿಬಿಡಿಯಾಗಿ ಇರಿಸಿಕೊಳ್ಳಿರಿ. ಒಂದು ಚರಣ ಮುಗಿದು, ಮಕ್ಕಳೆಲ್ಲ ತಮ್ಮ ಸ್ಥಾನಕ್ಕೆ ಬಂದುದನ್ನು ನೋಡಿದ ಮೇಲೆಯೇ ಮುಂದಿನದನ್ನು ಆರಂಭಿಸಿರಿ. ಸಾಧ್ಯವಾದರೆ ಒಂದು ಹಾಡನ್ನಾದರೂ ನಿಮ್ಮ ವರ್ಗದವರೇ ಹಾಡಿರಿ. ಗುಂಡಿಯ ಬಳಿ ಕುಳಿತುಕೊಳ್ಳುವ ವಿದ್ಯಾರ್ಥಿಯು ಮೊದಲ ದಿನದಿಂದಲೂ ತಾಲೀಮಿಗೆ ಬರಬೇಕು. ಅವನ ಕಣ್ಣು ಮೊಬೈಲಿನ ಮೇಲಲ್ಲ, ಕುಣಿಯುವವರ ಕಾಲಿನ ಮೇಲಿರಬೇಕು. ಮುಂದಿನ ವರ್ಷದ ಕಾರ್ಯಕ್ರಮಪತ್ರಿಕೆಯಲ್ಲಿ ಪಾತ್ರಧಾರಿಗಳ ಜೊತೆಗೆ ಅವನ ಹೆಸರನ್ನೂ ಅಚ್ಚು ಹಾಕಿಸೋಣ. ಭಾಗವತರ ಕೆಲಸವನ್ನು ಮಾಡುವವನು ಈಗ ಅವನೇ.