ನೂಕುವ ಮೊದಲು ಪ್ಲಗ್ ಬಿಚ್ಚಿ ನೋಡಿ

ಸಂತಿ ದಿನ ಬೆಳಗಿನ ಜಾವ. ಮೊಪೆಡ್ಡಿನ ಹಿಂದೆ ಎರಡು ಚೀಲ ಬದನೆಕಾಯಿ ಬಿಗಿದಿದ್ದೆ. ಕುಷ್ಟಗಿ ಇನ್ನೂ ನಾಲ್ಕು ಕಿ.ಮೀ. ಇರುವಾಗ ಗಾಡಿ ಬಂದ್ ಬಿತ್ತು. ಹತ್ತಿಪ್ಪತ್ತು ಸಲ ಕಿಕ್ ಹೊಡೆದೆ. ಕಿಕ್ಕಿನ ಹಲ್ಲು ಮೊದಲೇ ಸವೆದಿತ್ತು, ಈಗ ಪೂರಾ ಜಾರತೊಡಗಿತು. "ನೂಕಿದ್ರ ಚಾಲೂ ಆಕ್ಕೈತಿ" ಎಂದು ದಾರಿಯಲ್ಲಿ ಹೊರಟಿದ್ದ ಇಬ್ಬರು ಕೈ ಹಚ್ಚಿದರು. ಒಂದು ಕಿ.ಮೀ. ಓಡಿದೆವು. ಎಂಜಿನ್ ಒಂದು ಸಲವೂ 'ಫಟ್' ಅನ್ನಲಿಲ್ಲ. ಸಂತಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು, ಕಾಯಿ ಅರ್ಧ ದರಕ್ಕೆ ಹೋಯಿತು.

ಮೆಕ್ಯಾನಿಕ್ ಹುಡುಗ ಗಾಡಿ ನೋಡಿ ನಕ್ಕ. "ಕಾಕಾ, ಇದನ್ನ ಕೊಪ್ಪಳದ ತನಕ ನೂಕಿದ್ರೂ ಚಾಲೂ ಆಗಂಗಿಲ್ರಿ. ಗಾಲಿ ತಿರುಗಿದ್ರ ಎಂಜಿನ್ ತಿರುಗಬೇಕಲ್ಲ?" ಎಂದ. ಅವನ ಆ ಒಂದು ಪ್ರಶ್ನೆಯಿಂದ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಗಾಲಿಗೂ ಎಂಜಿನಿಗೂ ನಡುವೆ

1972ರಲ್ಲಿ ಬಂದ ಲೂನಾ, 1980ರಲ್ಲಿ ಬಂದ ಟಿವಿಎಸ್ 50 ಪೆಡಲ್ ಇದ್ದ ಎಂಜಿನ್ ಸೈಕಲ್ಲುಗಳು. ಆಮೇಲೆ ಕಿಕ್ ಬಂತು, ಈಗ ಬಟನ್ನೂ ಇದೆ. ಯಾವುದೇ ಇರಲಿ, ಕೆಲಸ ಒಂದೇ: ಎಂಜಿನ್ನನ್ನು ಒಮ್ಮೆ ಜೋರಾಗಿ ತಿರುಗಿಸುವುದು. ಹಳೇ ಮೊಪೆಡ್ಡುಗಳಲ್ಲಿ ಕಿಡಿಗೆ ಬ್ಯಾಟರಿ ಬೇಕಿಲ್ಲ. ಎಂಜಿನ್ ತಿರುಗಿದರೆ ಮ್ಯಾಗ್ನೆಟೋ ಚಕ್ರವೇ ಕರೆಂಟ್ ಹುಟ್ಟಿಸುತ್ತದೆ.

ಗೇರಿಲ್ಲದ ಮೊಪೆಡ್ಡಿನ ಕ್ಲಚ್ ಕವಣೆಯ ಹಾಗೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದಾಗ ಕಲ್ಲು ಹೊರಗೆ ಜಗ್ಗುತ್ತದಲ್ಲ, ಹಾಗೆಯೇ ಎಂಜಿನ್ ವೇಗ ಹಿಡಿದಾಗ ಕ್ಲಚ್ಚಿನ ಶೂಗಳು ಹೊರಗೆ ಸರಿದು ಡ್ರಮ್ಮನ್ನು ಹಿಡಿಯುತ್ತವೆ. ಎಂಜಿನ್ ನಿಂತಿದ್ದರೆ ಹಿಡಿತ ಇಲ್ಲ. ಆಗ ಗಾಲಿ ಎಷ್ಟು ತಿರುಗಿದರೂ ಎಂಜಿನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಕೆಲವು ಗಾಡಿಗಳಲ್ಲಿ, ಮುಖ್ಯವಾಗಿ ಪೆಡಲ್ ಇರುವವುಗಳಲ್ಲಿ, ಚಾಲೂ ಮಾಡಲೆಂದೇ ಇನ್ನೊಂದು ಹಿಡಿತ ಇರುತ್ತದೆ. ಅಂಥವು ಮಾತ್ರ ನೂಕಿದರೆ ಹತ್ತುತ್ತವೆ.

ನಿಮ್ಮ ಗಾಡಿ ಯಾವ ಜಾತಿ?

ಮನೆಯಲ್ಲಿ ಪುರುಸೊತ್ತಿದ್ದಾಗ ಪರೀಕ್ಷೆ ಮಾಡಿ. ಎಂಜಿನ್ ತಣ್ಣಗಿರಲಿ. ಕೀಲಿ ಬಂದ್ ಮಾಡಿ, ಪೆಟ್ರೋಲ್ ನಳ ಬಂದ್ ಮಾಡಿ, ಪ್ಲಗ್ ಬಿಚ್ಚಿ. ಒಬ್ಬರು ಗಾಡಿ ನೂಕಲಿ. ಪೆಡಲ್ ಗಾಡಿಯಲ್ಲಿ ಚಾಲೂ ಮಾಡಲು ಹಿಡಿಯುವ ಲಿವರ್ ಇದ್ದರೆ ಅದನ್ನೂ ಹಿಡಿದು ನೋಡಿ. ಪ್ಲಗ್ಗಿನ ತೂತಿನಿಂದ 'ಪುಸ್ ಪುಸ್' ಎಂದು ಗಾಳಿ ಬಂದರೆ ಗಾಲಿ ಎಂಜಿನ್ನನ್ನು ತಿರುಗಿಸುತ್ತಿದೆ. ನೂಕಿ ಚಾಲೂ ಮಾಡಬಹುದು. ಗಾಳಿ ಬರದಿದ್ದರೆ ನೂಕುವ ಆಸೆ ಬಿಡಿ, ಕಿಕ್ ಸರಿ ಇಟ್ಟುಕೊಳ್ಳಿ. ಗೇರಿಲ್ಲದ ಸ್ಕೂಟರ್ ಕೂಡ ನೂಕಿದರೆ ಹತ್ತುವುದಿಲ್ಲ.

ಮೊದಲು ಪ್ಲಗ್, ಆಮೇಲೆ ಬೆವರು

ದಾರಿಯಲ್ಲಿ ಗಾಡಿ ನಿಂತರೆ ಮೊದಲು ಪ್ಲಗ್ ಬಿಚ್ಚಿ ಮೂತಿ ನೋಡಿ. ಬಿಸಿ ಇರುತ್ತದೆ, ಬಟ್ಟೆ ಹಿಡಿದು ಬಿಚ್ಚಿ.

ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕ್, ನಳ, ಪೈಪು, ಟ್ಯಾಂಕ್ ಮುಚ್ಚಳದ ಗಾಳಿತೂತು ನೋಡಿ.

ಒದ್ದೆ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ. ನಳ ಬಂದ್ ಮಾಡಿ, ಕೀಲಿ ಬಂದ್ ಇಟ್ಟು, ಆಕ್ಸಿಲೇಟರ್ ಪೂರಾ ತಿರುವಿ ಎಂಟು ಹತ್ತು ಕಿಕ್ ಹೊಡೆಯಿರಿ. ಪ್ಲಗ್ ಒರೆಸಿ ಹಾಕಿ, ಚೋಕ್ ಇಲ್ಲದೆ ಚಾಲೂ ಮಾಡಿ.

ಮಸಿ ಹಿಡಿದಿದ್ದರೆ ತಂತಿ ಬ್ರಷ್ಷಿನಿಂದ ತಿಕ್ಕಿ. ಎರಡು ತುದಿಯ ನಡುವೆ ಹ್ಯಾಕ್ಸಾ ಬ್ಲೇಡಿನ ದಪ್ಪದಷ್ಟು, ಅಂದರೆ ಸುಮಾರು 0.6 ಮಿ.ಮೀ. ಸಂದು ಇರಲಿ. ಟೂ ಸ್ಟ್ರೋಕ್ ಗಾಡಿಗೆ "ಇರಲಿ" ಎಂದು ಆಯಿಲ್ ಹೆಚ್ಚು ಸುರಿದರೆ ಮಸಿ ಬೇಗ ಕೂಡುತ್ತದೆ.

ಗಂಗಾವತಿ ಕಡೆ ಕಾಲುವೆ, ಗದ್ದೆ ನೀರಿನಲ್ಲಿ ದಾಟಿದ ಗಾಡಿ ನಿಂತರೆ ಪ್ಲಗ್ ಕ್ಯಾಪ್ ಒಳಗೆ ನೀರು ಹೊಕ್ಕಿರಬಹುದು, ಒಣಗಿಸಿ. ಕುಷ್ಟಗಿ, ಯಲಬುರ್ಗಾದ ಒಣ ರಸ್ತೆಯಲ್ಲಿ ದೂಳೇ ವೈರಿ. ಏರ್ ಫಿಲ್ಟರ್ ಕಟ್ಟಿದರೆ ಎಂಜಿನಿಗೆ ಉಸಿರಿಲ್ಲ.

ಕಾರ್ಬ್ಯುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಕಿಕ್ ಹೊಡೆಯುವವರಿದ್ದಾರೆ. ಎಂಜಿನ್ ಹಿಂದಕ್ಕೆ ಉಗುಳಿದರೆ ಬೆಂಕಿ ಮುಖಕ್ಕೇ ಬರುತ್ತದೆ. ಇದನ್ನು ಯಾವತ್ತೂ ಮಾಡಬೇಡಿ.

ನೂಕುವ ರೀತಿ

ಹೊರೆ ಇಳಿಸಿ. ಕೀಲಿ, ಪೆಟ್ರೋಲ್ ಚಾಲೂ. ಆಕ್ಸಿಲೇಟರ್ ಸ್ವಲ್ಪವೇ ಕೊಡಿ. ಪೂರಾ ತಿರುವಿದರೆ ಎಂಜಿನ್ ಹತ್ತಿದೊಡನೆ ಗಾಡಿ ಕೈತಪ್ಪಿ ಜಿಗಿಯುತ್ತದೆ. ಒಂದು ಕೈ ಬ್ರೇಕಿನ ಮೇಲಿರಲಿ. ಇಳಿಜಾರು ಇದ್ದರೆ ಒಳ್ಳೆಯದು, ಆದರೆ ಮೊದಲು ಬ್ರೇಕ್ ನೋಡಿಕೊಳ್ಳಿ. ಗೇರಿನ ಬೈಕಾದರೆ ಎರಡನೇ ಗೇರ್ ಹಾಕಿ, ಕ್ಲಚ್ ಹಿಡಿದು ಓಡಿಸಿ, ವೇಗ ಬಂದಾಗ ಬಿಡಿ. ಹತ್ತಿದೊಡನೆ ಮತ್ತೆ ಹಿಡಿಯಿರಿ. ಒಂದನೇ ಗೇರಿನಲ್ಲಿ ಗಾಲಿ ಬಿಗಿದು ಎಳೆಯುತ್ತದೆ.

ಪೆಡಲ್ ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ ತುಳಿಯುವಾಗ ಹಿಂದಿನ ಗಾಲಿ ನೆಲ ಬಿಟ್ಟಿರಲಿ. ಧೋತರದ ಚುಂಗು, ಟವೆಲ್, ಸೀರೆ ಸೆರಗು ಚೈನಿನಿಂದ ದೂರ. ಅರೆ ಹಿಡಿದು ಕೈಯಿಂದ ಗಾಲಿ ತಿರುಗಿಸಬೇಡಿ. ಎಂಜಿನ್ ಹತ್ತಿದರೆ ಬೆರಳು ಉಳಿಯುವುದಿಲ್ಲ. ಪಂಪ್ ಎಂಜಿನಿಗೆ ಹಗ್ಗ ಸುತ್ತಿ ಎಳೆಯುತ್ತೇವಲ್ಲ, ಹಾಗೆ ಮೊಪೆಡ್ಡಿನ ಮ್ಯಾಗ್ನೆಟೋಕ್ಕೆ ಹಗ್ಗ ಕಟ್ಟಲೂ ಹೋಗಬೇಡಿ. ಪಂಪಿನ ಪುಲ್ಲಿಯಲ್ಲಿ ಹಗ್ಗ ತಾನೇ ಕಳಚಿಕೊಳ್ಳುವ ಕಚ್ಚು ಇದೆ. ಮೊಪೆಡ್ಡಿನಲ್ಲಿ ಅದಿಲ್ಲ, ಹಗ್ಗ ಕೈಯನ್ನೇ ಸುತ್ತಿಕೊಂಡೀತು.

ಹೊಸ ಗಾಡಿ ಇದ್ದವರಿಗೆ

ಪೆಟ್ರೋಲ್ ಇಂಜೆಕ್ಷನ್ ಇರುವ ಹೊಸ ಗಾಡಿಗಳಲ್ಲಿ ಪೆಟ್ರೋಲ್ ತಳ್ಳುವುದೂ ಕರೆಂಟೇ. ಬ್ಯಾಟರಿ ಪೂರಾ ಸತ್ತರೆ ಎಂಜಿನ್ ತಿರುಗಿದರೂ ಪೆಟ್ರೋಲ್ ಸಿಗದೆ ಹೋಗಬಹುದು. ಬಟನ್ ಇದೆ ಎಂದು ಕಿಕ್ ಮರೆಯಬೇಡಿ. ವಾರಕ್ಕೊಮ್ಮೆ ಕಿಕ್ಕಿನಿಂದಲೇ ಚಾಲೂ ಮಾಡಿ. ಅದು ತುಕ್ಕು ಹಿಡಿದಿದ್ದರೆ, ಹಲ್ಲು ಜಾರುತ್ತಿದ್ದರೆ ಮನೆಯಲ್ಲೇ ಗೊತ್ತಾಗುತ್ತದೆ.

ನನ್ನ ಸೀಟಿನ ಕೆಳಗೆ ಈಗ ಪ್ಲಗ್ ಪಾನಾ, ಒಂದು ಹೊಸ ಪ್ಲಗ್, ತಂತಿ ಬ್ರಷ್, ಹ್ಯಾಕ್ಸಾ ಬ್ಲೇಡಿನ ತುಂಡು, ಒಣ ಬಟ್ಟೆ ಇವೆ. ಅವತ್ತು ಸಂತಿಯಲ್ಲಿ ಕಳಕೊಂಡ ದುಡ್ಡಿನಲ್ಲಿ ಇವನ್ನೆಲ್ಲ ಕೊಂಡು, ಕಿಕ್ಕನ್ನೂ ಹೊಸದು ಹಾಕಿಸಬಹುದಿತ್ತು.